ಹಿಂದಿನಿಂದ ತೆರೆಯಬೇಕಾದ ಪುಸ್ತಕ

ಹೋದ ವಾರ ನಮ್ಮ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಎರಡು ಮಾತು ಆಡಬೇಕೆಂದು ನನಗೂ ಫೋನು ಬಂತು. ನಾನು ಇಳಕಲ್ಲಿನ ಆ ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದೇ ಆಗಿತ್ತು. ಬರುವುದಿಲ್ಲ ಎಂದೆ. ಯಾಕ್ರೀ ಅಕ್ಕೋರ, ಆರಾಮ ಇಲ್ಲೇನು ಎಂದು ಕೇಳಿದರು. ಆರಾಮಾಗಿಯೇ ಇದ್ದೇನೆ, ಆ ವೇದಿಕೆ ಹತ್ತಿದರೆ ಕೆಡುತ್ತದೆ ಎಂದು ಫೋನು ಇಟ್ಟೆ. ಸಭೆಯಲ್ಲಿ ಅವರನ್ನು ಕಲಾತಪಸ್ವಿ ಎಂದು ಕರೆದರಂತೆ. ಫೋಟೋಕ್ಕೆ ಹಾರ ಹಾಕಿ, ಮೌನ ಆಚರಿಸಿ, ಚಹಾ ಕುಡಿದು ಹೋದರಂತೆ. ಬದುಕಿದ್ದಾಗ ತಪಸ್ವಿಗೆ ಏನು ಮಾಡಿದಿರಿ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅದು ಅಚ್ಚಾದದ್ದು ಒಂದೇ ಸಲ, ಅದರಿಂದ ಅವರಿಗೆ ಆದದ್ದು ಸಾಕು.

ಬಡಕಲು ಮನುಷ್ಯ. ಅಂಗಿಯ ಕಿಸೆಯಲ್ಲಿ ಯಾವಾಗಲೂ ಕಪ್ಪು ಶಾಯಿಯ ಪೆನ್ನುಗಳು, ಕಿಸೆಯ ತಳದಲ್ಲಿ ಯಾವ ಸಬಕಾರಕ್ಕೂ ಹೋಗದ ಕಲೆ. ನೇಕಾರರ ಮನೆಯವರು. ಮನೆಯ ನಡುವೆಯೇ ನೆಲ ತೋಡಿ ಕೂಡಿಸಿದ ಕುಣಿಯ ಮಗ್ಗ. ಅದರಲ್ಲಿ ಅವರ ಅವ್ವ ಕೂತಿರುತ್ತಿದ್ದರು, ಅವ್ವನ ಕಾಲ ಮುಗಿದ ಮೇಲೆ ತಮ್ಮ ಕೂತ. ಇವರು ಮಾತ್ರ ಮಗ್ಗ ಬಿಟ್ಟು ಬಾಗಲಕೋಟೆಯಲ್ಲಿ ಚಿತ್ರಕಲೆ ಕಲಿತು ಮಾಸ್ತರಿಕೆಗೆ ಬಂದರು. ಶಾಲೆಯಲ್ಲಿ ಡ್ರಾಯಿಂಗ್ ಪಿರಿಯಡ್ಡೆಂದರೆ ಗಣಿತದವರು ಪೋರ್ಷನ್ ಮುಗಿಸಲು ಕೇಳಿ ಪಡೆಯುವ ಪಿರಿಯಡ್ಡು. ಇವರು ಕೇಳಿದವರಿಗೆಲ್ಲ ಕೊಟ್ಟು, ಸ್ಟಾಫ್ ರೂಮಿಗೆ ಬಂದು, ನಳದ ಕೆಳಗೆ ಕೈಯನ್ನು ಎರಡೆರಡು ಸಲ ತೊಳೆದು, ಕರವಸ್ತ್ರದಿಂದ ಒರೆಸಿಕೊಂಡು ಚೀಲದಿಂದ ಒಂದು ಪುಸ್ತಕ ತೆಗೆಯುತ್ತಿದ್ದರು. ಜಪಾನಿನ ಚಿತ್ರಕತೆ. ಮಾಂಗಾ.

ಮಾಂಗಾ ಅಂದ್ರ ಮಂಗ್ಯಾನ ಚಿತ್ರ ಏನ್ರಿ ಎಂದು ಯಾರೋ ಒಬ್ಬರು ಮೊದಲ ವರ್ಷ ಕೇಳಿದರು. ಎಲ್ಲರೂ ನಕ್ಕರು. ಇವರೂ ನಕ್ಕರು. ಅದೇ ಮಾತಿಗೆ ಆ ಸ್ಟಾಫ್ ರೂಮು ಅವರು ನಿವೃತ್ತರಾಗುವ ತನಕ ನಗುತ್ತಲೇ ಇತ್ತು. ಇವರು ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ನಕ್ಕು ಪುಟ ತಿರುವುತ್ತಿದ್ದರು. ನನಗಂತೂ ಮೈ ಉರಿಯುತ್ತಿತ್ತು.

ಈ ಹುಚ್ಚು ಹತ್ತಿದ್ದು ಬಾದಾಮಿಯಲ್ಲಂತೆ. ಕಲಿಯುವ ದಿನಗಳಲ್ಲಿ ರವಿವಾರ ಬಸ್ಸು ಹತ್ತಿ ಹೋಗಿ ಗುಹೆಗಳ ಮುಂದೆ ಕೂತು ಸ್ಕೆಚ್ ಮಾಡುತ್ತಿದ್ದರು. ಅಲ್ಲಿ ಜಪಾನಿನ ಒಬ್ಬ ವಯಸ್ಸಾದ ಪ್ರವಾಸಿ ಪಕ್ಕದಲ್ಲೇ ಕೂತು ಅದೇ ಕಂಬವನ್ನು ಬರೆಯುತ್ತಿದ್ದ. ಇವರ ಮಾತು ಅವನಿಗೆ ತಿಳಿಯದು, ಅವನದು ಇವರಿಗೆ ತಿಳಿಯದು. ಒಬ್ಬರ ಹಾಳೆ ಇನ್ನೊಬ್ಬರು ನೋಡಿದರು. ಹೋಗುವಾಗ ಅವನು ತಾನು ಓದಿ ಮುಗಿಸಿದ, ಇಟ್ಟಿಗೆಯಷ್ಟು ದಪ್ಪನೆಯ ವಾರಪತ್ರಿಕೆಯೊಂದನ್ನು ಇವರ ಕೈಗಿಟ್ಟ. ಅದರ ಒಂದಕ್ಷರವೂ ಬಾರದೆ, ವಾಪಸು ಬಸ್ಸಿನಲ್ಲಿ ಕೂತು ಇವರು ಒಂದು ಕತೆ ಪೂರಾ ಓದಿದರು. ಒಬ್ಬ ಹೆಂಗಸು ಗಂಡನಿಗಾಗಿ ಕಾಯುತ್ತಾಳೆ, ಅವನು ಬರುವುದಿಲ್ಲ, ಅವಳು ಅನ್ನ ತೆಗೆದಿಡುತ್ತಾಳೆ. ಅಷ್ಟೇ ಕತೆ. "ಮಾತಿಲ್ದ ಅಳಿಸಿದ್ನರಿ ಅಂವಾ," ಎನ್ನುತ್ತಿದ್ದರು. ಬಸ್ಸಿನಲ್ಲಿ ಅತ್ತದ್ದನ್ನು ಹೇಳಲು ಅವರಿಗೆ ನಾಚಿಕೆ ಇರಲಿಲ್ಲ.

ಆಮೇಲೆ ಇಂಗ್ಲಿಷಿಗೆ ಬಂದ ಮಾಂಗಾಗಳನ್ನು ಪೋಸ್ಟಿನಲ್ಲಿ ತರಿಸುವುದು ಸುರುವಾಯಿತು. ಫೋನು ಬಂದ ಮೇಲೆ ಕೇಳುವುದೇ ಬೇಡ. ಅಲ್ಲಿ ಅಚ್ಚಾದ ಅಧ್ಯಾಯ ಅದೇ ದಿನ ಇಳಕಲ್ಲಿನಲ್ಲಿ ಅವರ ಅಂಗೈಯಲ್ಲಿ ಇರುತ್ತಿತ್ತು. ಆದರೂ ಪುಸ್ತಕವಾಗಿ ಬಂದಾಗ ಮತ್ತೆ ಕೊಳ್ಳುತ್ತಿದ್ದರು. ಪಾರ್ಸೆಲ್ಲುಗಳಿಗೆ ಶಾಲೆಯದೇ ವಿಳಾಸ. ಪಾರ್ಸೆಲ್ಲು ಬಂದ ದಿನ ಅವರ ನಡಿಗೆಯೇ ಬೇರೆ. ಬಿಚ್ಚುವ ಮೊದಲು ಮೂಸಿ ನೋಡುತ್ತಿದ್ದರು.

ನಮ್ಮಂಥವರ ಕೈಗೆ ಪುಸ್ತಕ ಕೊಟ್ಟರೆ ಮೊದಲು ಆಗುವ ತಪ್ಪು ಒಂದೇ. ಜಪಾನಿನ ಈ ಪುಸ್ತಕಗಳು ನಮಗೆ ಹಿಂದಿನದು ಅನ್ನಿಸುವ ರಟ್ಟಿನಿಂದ ತೆರೆಯುತ್ತವೆ. ಬಲದಿಂದ ಎಡಕ್ಕೆ ಓದಬೇಕು, ಪುಟಗಳನ್ನೂ, ಪುಟದೊಳಗಿನ ಚಿತ್ರಗಳನ್ನೂ. ನಾವು ಎಡದಿಂದ ತೆರೆದರೆ ಕತೆಯ ಕೊನೆಯೇ ಮೊದಲು ಕಾಣುತ್ತದೆ. ಯಾರಾದರೂ ಹಾಗೆ ತೆರೆದರೆ ಆ ಬಡಕಲು ಮನುಷ್ಯನ ದನಿ ಏರುತ್ತಿತ್ತು. ಮನಿಗೆ ಹಿತ್ತಲ ಬಾಗಲದಿಂದ ಬಂದ್ರ ನಡೀತದೇನ್ರಿ ಎಂದು ಬೈದು, ಪುಸ್ತಕ ಕಸಿದು, ತಿರುವಿ ಕೊಡುತ್ತಿದ್ದರು. ಇದೇನು ಉಲ್ಟಾ ಓದುವುದು ಎಂದು ನಾನು ಒಮ್ಮೆ ಕಾಡಿದೆ. ಅದಕ್ಕೆ ಅವರು ನಮ್ಮ ಮಗ್ಗದ ಲಾಳಿ ನೋಡಿರಿಲ್ಲ ಎಂದರು. ಲಾಳಿ ಬಲದಿಂದ ಎಡಕ್ಕೂ ಓಡತೈತಿ, ಎಡದಿಂದ ಬಲಕ್ಕೂ ಓಡತೈತಿ, ಸೀರಿ ಎರಡೂ ಕಡಿಂದ ಬೆಳೀತೈತಿ, ಕಣ್ಣಿಗೇನು ಧಾಡಿ ಅಂದರು. ನಾನು ಬಾಯಿ ಮುಚ್ಚಿಕೊಂಡು ಬಲದಿಂದ ಓದಲು ಕಲಿತೆ.

ಆ ಚಿತ್ರಕಾರರ ಹೆಸರು ನಮಗೆ ನಾಲಿಗೆಗೆ ಹತ್ತದಿದ್ದಾಗ ಅವರೇ ಹೆಸರಿಟ್ಟರು. ಮಳೆ ಬರೆಯುವುದರಲ್ಲಿ ಎತ್ತಿದ ಕೈಯಾದ ಒಬ್ಬ ಮುದುಕನಿದ್ದ, ಅವನು ಮಳಿಮುತ್ಯಾ. ಸಣ್ಣ ಊರಿನ ಹುಡುಗಿಯರ ಕತೆ ಬರೆಯುವವಳು ನಮ್ಮ ಅಕ್ಕ. ರಾಕ್ಷಸರನ್ನು ಬರೆದು ಬರೆದು ಬೆನ್ನು ಕೆಡಿಸಿಕೊಂಡ ಒಬ್ಬ ತರುಣ ಇದ್ದ, ಅವನು ನಮ್ಮ ಹುಡುಗ. "ಅಕ್ಕ ಹೊಸಾದು ಸುರು ಮಾಡ್ಯಾಳ್ರಿ" ಎಂದು ಒಳಗೆ ಬಂದರೆ, ಗೊತ್ತಿಲ್ಲದವರು ಇವರ ಸ್ವಂತ ಅಕ್ಕ ಅಂಗಡಿ ಇಟ್ಟಳೆಂದು ತಿಳಿಯಬೇಕು. ಹೊಸ ಕತೆಯ ಮೊದಲ ಅಧ್ಯಾಯ ಬಂತೆಂದರೆ ಮಧ್ಯಾಹ್ನದ ರೊಟ್ಟಿ ಬಿಚ್ಚದೆ ನನಗೆ ಒಂದೊಂದೇ ಚಿತ್ರ ತೋರಿಸಿ ಹೇಳುತ್ತಿದ್ದರು. ಇಲ್ಲಿ ನೋಡ್ರಿ, ಖಾಲಿ ಬಿಟ್ಟಾನ. ಬರ್ದದ್ದು ಎಲ್ಲರೂ ನೋಡ್ತಾರ, ಬಿಟ್ಟಿದ್ದು ನೋಡ್ರಿ. ಆ ಬಿಳಿ ಜಾಗದಲ್ಲಿ ಬೆರಳು ಇಡದೆ, ಅದರ ಮೇಲೆ ಗಾಳಿಯಲ್ಲಿ ಬೆರಳು ತಿರುಗಿಸುತ್ತಿದ್ದರು. ಈಗಲೂ ಆ ಬೆರಳು ನನ್ನ ಕಣ್ಣ ಮುಂದಿದೆ.

ಒಮ್ಮೆ ಮಳಿಮುತ್ಯಾನ ಕೈಗೆ ಏನೋ ಆಯಿತು. ಕತೆಯನ್ನು ನಡುವೆ ನಿಲ್ಲಿಸುತ್ತಿದ್ದೇನೆ, ಮುಂದೆ ಯಾವಾಗ ಎಂದು ಹೇಳಲಾರೆ ಎಂದು ಅವನು ಪ್ರಕಟಣೆ ಕೊಟ್ಟ. ಇವರ ಮುಖ ನೋಡಲಾಗಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಬಾದಾಮಿಯ ಬನಶಂಕರಿ ಗುಡಿಗೆ ಹೋದರು. ನಮ್ಮ ಲಿಂಗಾಯತರ ಮನೆಗಳಲ್ಲಿ ಇಷ್ಟಲಿಂಗ ಬಿಟ್ಟು ಬೇರೆ ದೇವರೇಕೆ ಎನ್ನುವವರು ಇದ್ದಾರೆ, ಇವರ ಅವ್ವನೂ ಹಾಗೇ ಎನ್ನುತ್ತಿದ್ದರು. ಆದರೂ ಹೋದರು. ಅರ್ಚನೆಗೆ ಹೆಸರು, ಗೋತ್ರ ಕೇಳಿದರಂತೆ. ಮುತ್ಯಾ, ಜಪಾನದಾಗಿರತಾನ, ಗೋತ್ರ ಗೊತ್ತಿಲ್ಲ, ಬಲಗೈ ನೆಟ್ಟಗಾಗಬೇಕು ಎಂದರಂತೆ ಇವರು. ಪೂಜಾರಿ ಇವರ ಮುಖ ನೋಡಿ, ಬಲಗೈಯ ಹೆಸರಿನಲ್ಲೇ ಕುಂಕುಮಾರ್ಚನೆ ಮಾಡಿದನಂತೆ. ಅವರ ಹೆಂಡತಿ ಇದನ್ನು ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದಳು. ನನಗೂ ಅವರ ಬದುಕಿನಲ್ಲಿ ನಗಲು ಉಳಿದಿರುವುದು ಇದೊಂದೇ.

ಇಂಥ ಮನುಷ್ಯನಿಗೆ ಒಂದೇ ಒಂದು ಆಸೆ ಇತ್ತು. ತಾನೂ ಒಂದು ಕತೆ ಬರೆಯಬೇಕು, ಬಲದಿಂದ ಎಡಕ್ಕೆ ಓದುವ ಕತೆ, ಒಮ್ಮೆ ಅಚ್ಚಾಗಬೇಕು. ಮಾರಬೇಕೆಂದಲ್ಲ, ಹೆಸರು ಬರಬೇಕೆಂದೂ ಅಲ್ಲ. ಅಚ್ಚಾದ ಹಾಳೆಯನ್ನು ಮೂಸಬೇಕು, ಅಷ್ಟೇ ಎನ್ನುತ್ತಿದ್ದರು.

ಅವ್ವ ತೀರಿಕೊಂಡ ಮೇಲೆ ಅದನ್ನು ಹಿಡಿದರು. ಕತೆಯಲ್ಲಿ ಅವ್ವನ ಒಂದು ದಿನ. ಒಂದು ಮಾತಿಲ್ಲ, ಒಂದು ಅಕ್ಷರವಿಲ್ಲ. ನಸುಕಿನಲ್ಲಿ ಏಳುತ್ತಾಳೆ, ಹಣೆಗೆ ವಿಭೂತಿ ಹಚ್ಚುತ್ತಾಳೆ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ನೆಟ್ಟು ಕೂಡುತ್ತಾಳೆ. ಆಮೇಲೆ ಮಗ್ಗಕ್ಕೆ ಇಳಿಯುತ್ತಾಳೆ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ, ಎರಡನ್ನೂ ಒಂದೊಂದೇ ಕೊಂಡಿ ಹಾಕಿ ಕೂಡಿಸಬೇಕು. ಆ ಕೊಂಡಿ ಹಾಕುವ ಬೆರಳುಗಳೇ ಒಂದು ಪುಟದ ತುಂಬ ಇದ್ದವು. ಕೊನೆಗೆ ಖಾಲಿ ಮಗ್ಗ. ಮೊದಲು ಓದಿದವಳು ನಾನು. ಓದಿ ಮುಗಿಸಿ ಮುಖ ಎತ್ತಲಿಲ್ಲ, ಎತ್ತಿದ್ದರೆ ಅಳುವುದು ಕಾಣುತ್ತಿತ್ತು. ಅವರು ಎದ್ದು ಹೊರಗೆ ಹೋದರು.

ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುವುದೆಂದು ನಿಶ್ಚಯವಾಯಿತು. ಸಂಪಾದಕರು ಹೆಡ್ ಮಾಸ್ತರರು. ದಿನಾ ಹಣೆ ತುಂಬ ವಿಭೂತಿ, ಮಾತಿಗೆ ಮುಂಚೆ ಬಸವಣ್ಣನವರ ಹೆಸರು, ಬೆಳಿಗ್ಗೆ ಲಿಂಗಪೂಜೆ ಆಗದೆ ನೀರೂ ಮುಟ್ಟುವುದಿಲ್ಲ ಎಂದು ತಾವೇ ಹತ್ತು ಜನರಿಗೆ ಹೇಳುತ್ತಿದ್ದವರು. ಅವರೇ ಇವರ ಕತೆ ಕೇಳಿದರು. ಇವರು ಒಂದು ಶರತ್ತು ಹಾಕಿದರು. ಕತೆಯನ್ನು ಸಂಚಿಕೆಯ ಹಿಂದಿನ ರಟ್ಟಿನಿಂದ ಸುರು ಮಾಡಬೇಕು, ಇಲ್ಲಿಂದ ಸುರು, ಬಲದಿಂದ ಎಡಕ್ಕೆ ಓದಿ ಎಂದು ಒಂದು ಸಾಲು ಹಾಕಬೇಕು. ಹೆಡ್ ಮಾಸ್ತರರು ಆಯ್ತು ಎಂದರು. ನಾನು ಎದುರಿಗೇ ಕೂತಿದ್ದೆ.

ಮುಂದೆ ಆದದ್ದು ಇಷ್ಟು. ಬಾಗಲಕೋಟೆಯ ಪ್ರೆಸ್ಸಿನಲ್ಲಿ ಪ್ರೂಫು ನೋಡುವಾಗ ಹೆಡ್ ಮಾಸ್ತರರಿಗೆ, ನಮ್ಮ ಸಂಚಿಕೆಯೊಳಗೆ ಒಂದು ಕತೆ ಹಿಂದಿನಿಂದ ಬರುವುದು ಸರಿ ಕಾಣಲಿಲ್ಲ. ಹುಚ್ಚ ಏನೋ ಹೇಳ್ತಾನ, ನೀವು ಎಲ್ಲಾದರಂಗ ನೆಟ್ಟಗ ಮಾಡ್ರಿ ಎಂದು ಅಲ್ಲಿನ ಹುಡುಗನಿಗೆ ಹೇಳಿ ಎದ್ದು ಬಂದರು. ಬಲದಿಂದ ಓದುವ ಚಿತ್ರಗಳನ್ನು ಎಡದಿಂದ ಓದಿಸಬೇಕೆಂದರೆ ಕಂಪ್ಯೂಟರಿನಲ್ಲಿ ಸುಲಭದ ದಾರಿ ಒಂದಿದೆ. ಪುಟವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕುವುದು. ಅವನು ಹಾಗೇ ಮಾಡಿದ. ಅಕ್ಷರ ಇದ್ದಿದ್ದರೆ ತಿರುವುಮುರುವಾಗಿ ಕಾಣುತ್ತಿದ್ದವು. ಅಕ್ಷರವೇ ಇರಲಿಲ್ಲ. ಮಗ್ಗದ ಹಗ್ಗ ಬಲಗೈಯಿಂದ ಎಡಗೈಗೆ ಹೋಯಿತು. ಇಷ್ಟಲಿಂಗ ಎಡ ಅಂಗೈಯಿಂದ ಬಲ ಅಂಗೈಗೆ ಬಂತು.

ಸಂಚಿಕೆ ಬಿಡುಗಡೆಯಾದ ಸಂಜೆಗೇ ಊರೆಲ್ಲ ವಾಟ್ಸಾಪಿನಲ್ಲಿ ಆ ಒಂದು ಪುಟ. ಲಿಂಗ ಹಿಡಿಯುವುದು ಎಡ ಅಂಗೈಯಲ್ಲೇ ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ಲಿಂಗಕ್ಕೆ ಅಪಮಾನ ಮಾಡ್ಯಾನ, ಜಪಾನದ ಹುಚ್ಚಿನಾಗ ಧರ್ಮಾ ಮರ್ತಾನ ಎಂದರು. ಒಬ್ಬರು ಮನೆಯ ಮುಂದೆ ನಿಂತು ಕೂಗಾಡಿ ಹೋದರು. ಇವರು ಸಂಚಿಕೆ ತೆರೆದು ನೋಡಿದ್ದು ಆಮೇಲೆ. ಬಿಡುಗಡೆಯಾದ ಪ್ರತಿಯನ್ನು ಮನೆಗೆ ಒಯ್ದು, ಕೈ ತೊಳೆದು, ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹಿಂದಿನ ರಟ್ಟಿನಿಂದ ತೆರೆದರಂತೆ. ಅವ್ವ ಏಳುವ ಮೊದಲ ಪುಟ ಇರಬೇಕಾದಲ್ಲಿ ಕೊನೆಯ ಖಾಲಿ ಮಗ್ಗ ಕಂಡಿತು.

ಮೂಲ ಚಿತ್ರಗಳು ಪ್ರೆಸ್ಸಿನಲ್ಲೇ ಇದ್ದವು. ಮರುದಿನ ನಾನು ಹುನಗುಂದದ ಮೇಲೆ ಬಸ್ಸು ಹಿಡಿದು ಬಾಗಲಕೋಟೆಗೆ ಹೋದೆ. ಪ್ರೆಸ್ಸಿನ ಹುಡುಗ ಏನೂ ಮುಚ್ಚಿಡಲಿಲ್ಲ, ಸರ್ ಹೇಳಿದ್ರು ಮಾಡಿದೆ ಎಂದ. ಚಿತ್ರಗಳನ್ನು ಎದೆಗೆ ಒತ್ತಿಕೊಂಡು ತಂದು ಆಡಳಿತ ಮಂಡಳಿಯ ಸಭೆಯಲ್ಲಿ ಮೇಜಿನ ಮೇಲೆ ಹರಡಿದೆ. ಎಲ್ಲರೂ ನೋಡಿದರು. ಎಡ ಅಂಗೈಯಲ್ಲಿ ಲಿಂಗ ಇತ್ತು. ಅಧ್ಯಕ್ಷರು ಹೆಡ್ ಮಾಸ್ತರರ ಕಡೆ ತಿರುಗಿ, ಪ್ರೂಫು ನೋಡಿದಾಗ ನಿಮಗ ಕಾಣ್ಲಿಲ್ಲೇನ್ರಿ ಎಂದರು.

"ಎಡಾನೋ ಬಲಾನೋ, ಆ ಹೊತ್ತಿನಾಗ ನನಗ ಹೊಳೀಲಿಲ್ರಿ," ಎಂದರು ಹೆಡ್ ಮಾಸ್ತರರು.

ಹೊಳೆಯಲಿಲ್ಲವಂತೆ. ದಿನಾ ಲಿಂಗಪೂಜೆ ಆಗದೆ ನೀರು ಮುಟ್ಟದವರಿಗೆ. ಅಧ್ಯಕ್ಷರು ತಲೆಯಾಡಿಸಿದರು. ಆಮೇಲೆ ಡ್ರಾಯಿಂಗ್ ಮಾಸ್ತರರಿಗೆ ಬಹಳ ಮೆತ್ತಗೆ ತಿಳಿಸಿ ಹೇಳಿದರು. ಹೆಡ್ ಮಾಸ್ತರರ ಹೆಸರು ಹೊರಗೆ ಬಂದರೆ ಸಂಸ್ಥೆಗೆ ಕೆಟ್ಟ ಹೆಸರು, ನಿಮ್ಮದು ಹೇಗೂ ಚಿತ್ರದವರ ಕೆಲಸ, ನೀವೇ ಒಂದು ತಪ್ಪಾಯಿತು ಎಂದರೆ ಜನ ಮರೆಯುತ್ತಾರೆ. ನಾನು ಕಿರುಚಿದೆ. ಅಕ್ಕೋರ, ನೀವು ಕೂಡ್ರಿ ಎಂದರು. ಇವರು ಆಗ ಬಾಯಿ ಬಿಟ್ಟರು.

"ನಮ್ಮವ್ವನ್ನ ಮಣ್ಣ ಮಾಡೂವಾಗ, ಕುಣಿಯಾಗ ಕೂಡಿಸಿ ಲಿಂಗಾ ನಾನ ಇಟ್ಟೇನ್ರಿ, ಇದ ಕೈಲೆ, ಆಕೀ ಎಡ ಅಂಗೈಯಾಗ," ಎಂದರು. "ನನಗ ಗೊತ್ತಿಲ್ಲಂತ ಹೇಳೂದೇನ್ರಿ ಈಗ?"

ಉತ್ತರ ಕೊಡದೆ ಕಾಯುವುದು ದೊಡ್ಡವರಿಗೆ ಚೆನ್ನಾಗಿ ಬರುತ್ತದೆ. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಇವರು ಮಕ್ಕಳ ಮುಂದೆ, ಕರೆಸಿದ ಊರ ಹಿರಿಯರ ಮುಂದೆ ನಿಂತು, ನನ್ನ ತಪ್ಪಾತು ಎಂದರು. ಮಕ್ಕಳಿಗೆ ಇವರೆಂದರೆ ಜಪಾನ್ ಸರ್, ಮೊಬೈಲಿನಲ್ಲಿ ಅವರೂ ಆ ಕತೆಗಳ ಓಡಾಡುವ ಕಾರ್ಟೂನು ನೋಡುತ್ತಿದ್ದರು, ಇವರ ಮೇಲೆ ಪ್ರೀತಿ ಇತ್ತು. ಯಾಕೆ ಒಪ್ಪಿದರು ಎಂದು ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಸಾಯುವ ತನಕ ಆ ಸಂಸ್ಥೆಯ ಮೇಲೆ ಉಗುಳಿದ್ದರೂ ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಆದರೆ ಅವರು ಉಗುಳುವ ಜಾತಿಯವರಲ್ಲ.

ಇಷ್ಟಕ್ಕೆ ಬಿಟ್ಟರೇ? ಇಲ್ಲ. ಉಳಿದ ಪ್ರತಿಗಳಿಂದ ಆ ಪುಟಗಳನ್ನು ತೆಗೆಯಬೇಕೆಂದರು. ಶಾಲೆಯ ಸಿಪಾಯಿ ಕೈಯಿಂದ ಹರಿದರೆ ಹೊಲಿಗೆ ಸಡಿಲಾಗಿ ಇಡೀ ಸಂಚಿಕೆ ಬಿಚ್ಚುತ್ತದೆ. ಕಟರು ಇದ್ದದ್ದು, ಸ್ಟೀಲ್ ಪಟ್ಟಿ ಇದ್ದದ್ದು, ನೇರ ಕೈ ಇದ್ದದ್ದು ಡ್ರಾಯಿಂಗ್ ಮಾಸ್ತರರಿಗೆ. ಅವರಿಗೇ ಒಪ್ಪಿಸಿದರು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ಪಟ್ಟಿ ಇಟ್ಟು, ತಮ್ಮ ಅವ್ವನನ್ನು ಒಂದೊಂದೇ ಪ್ರತಿಯಿಂದ ಕತ್ತರಿಸಿ ತೆಗೆದರು. ಒಂದು ಹೊಲಿಗೆಯೂ ಸಡಿಲಾಗಲಿಲ್ಲ. ಅಂದು ಯಾರೂ ಮಂಗ್ಯಾನ ಜೋಕು ಮಾಡಲಿಲ್ಲ, ಅಷ್ಟು ಮರ್ಯಾದೆ ಇತ್ತು. ಕತ್ತರಿಸಿ ಆದ ಮೇಲೆ ಆ ಹಾಳೆಗಳ ಕಟ್ಟನ್ನು ಒಮ್ಮೆ ಮೂಗಿನ ಹತ್ತಿರ ಹಿಡಿದು ಕೆಳಗಿಟ್ಟರು. ನಾನು ನೋಡಿದೆ. ನೋಡದವಳಂತೆ ಪೇಪರು ತಿದ್ದಿದೆ.

ಅದರ ಬಳಿಕ ಹೊಸ ಪಾರ್ಸೆಲ್ಲು ತರಿಸಿದ್ದು ನಾನು ಕಾಣಲಿಲ್ಲ. ಅಕ್ಕ ಏನು ಬರದಾಳ್ರಿ ಎಂದು ನಾನೇ ಕೇಳಿದರೆ, ಏನರ ಬರದಿರಬೇಕ್ರಿ ಎನ್ನುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದಿಸಿದರು, ಹೊದ್ದುಕೊಂಡು ಮನೆಗೆ ಹೋದರು. ಹೆಡ್ ಮಾಸ್ತರರ ಆ ಒಂದು ಮಾತು ಮಾತ್ರ ಅವರ ಬೆನ್ನು ಹತ್ತಿ ಮನೆಯ ತನಕ ಹೋಗಿತ್ತು. ಉಣ್ಣುತ್ತ ಉಣ್ಣುತ್ತ ತುತ್ತು ಹಿಡಿದು, ಹೊಳೀಲಿಲ್ಲಂತ ಅವರಿಗೆ ಎನ್ನುತ್ತಿದ್ದರಂತೆ. ಹೆಂಡತಿ ಹೂಂ ಎನ್ನುತ್ತಿದ್ದಳಂತೆ.

ಈ ವರ್ಷ ಶಾಲೆಯ ವಿಳಾಸಕ್ಕೆ ಅವರ ಹೆಸರಿನಲ್ಲಿ ಒಂದು ಪಾರ್ಸೆಲ್ಲು ಬಂತು. ಎಂದೋ ಮುಂಗಡವಾಗಿ ಹೇಳಿಟ್ಟಿದ್ದ ಪುಸ್ತಕ. ಮಳಿಮುತ್ಯಾನ ಕೈ ಕಡೆಗೂ ನೆಟ್ಟಗಾಗಿತ್ತು, ನಿಂತ ಕತೆಯನ್ನು ಮುಗಿಸಿದ್ದ. ಸಿಪಾಯಿ ನನಗೆ ತಿಳಿಸಿದ. ನಾನು ಹಬ್ಬವೇ ಬಂದಂತೆ ಅದನ್ನು ಹಿಡಿದುಕೊಂಡು ಅವರ ಮನೆಗೆ ಓಡಿದೆ. ಒಳಗೆ ತಮ್ಮನ ಮಗ್ಗದ ಸದ್ದು. ಇವರು ಗೋಡೆಗೆ ಒರಗಿ ಕೂತಿದ್ದರು. ಮುತ್ಯಾ ಮುಗಿಸ್ಯಾನ್ರೀ ಸರ ಎಂದು ಕೈಗಿಟ್ಟೆ. ಕೈ ತೊಳೆಯಲು ಏಳಲಿಲ್ಲ. ಮೂಸಲಿಲ್ಲ. ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ನಮ್ಮ ಕಡೆಯಿಂದ, ಎಡದಿಂದ ತೆರೆದರು. ಕೊನೆಯ ಪುಟ ಬಂತು. ನೋಡಿದರು.

ತಪ್ಪಿ ತೆರೆದಿರೆಂದು ನಾನು ತಿರುವಿ ಕೊಡಲು ಕೈ ಚಾಚಿದೆ. "ಇರ್ಲಿ ಬಿಡ್ರಿ ಅಕ್ಕೋರ," ಎಂದರು. "ಹೆಂಗ ತಗದ್ರೂ ನಡೀತದ."

ಪುಸ್ತಕ ಮುಚ್ಚಿ ನನಗೇ ವಾಪಸು ಕೊಟ್ಟರು. ಅದು ಈಗ ನನ್ನ ಕಪಾಟಿನಲ್ಲಿದೆ. ಎದೆ ನೋವೆಂದು ದವಾಖಾನೆಗೆ ಒಯ್ದದ್ದು ಅದಾದ ಸ್ವಲ್ಪೇ ದಿನಕ್ಕೆ. ವಾಪಸು ಬರಲಿಲ್ಲ.

ಮಣ್ಣಿಗೆ ಊರೇ ಬಂದಿತ್ತು. ನಾನು ಹೆಂಗಸರು ನಿಲ್ಲುವ ಕಡೆ ಅವರ ಹೆಂಡತಿಯ ಕೈ ಹಿಡಿದು ನಿಂತಿದ್ದೆ. ಹೆಡ್ ಮಾಸ್ತರರು ಈಗ ಸಂಸ್ಥೆಯ ಆಡಳಿತಾಧಿಕಾರಿ, ಅದಕ್ಕೆ ಎಲ್ಲರಿಗಿಂತ ಮುಂದೆ, ಕುಣಿಯ ಅಂಚಿಗೇ ನಿಂತಿದ್ದರು. ಹಣೆ ತುಂಬ ವಿಭೂತಿ. ಒಳಗೆ ಡ್ರಾಯಿಂಗ್ ಮಾಸ್ತರರನ್ನು ಕೂಡಿಸಿ ಆಗಿತ್ತು. ತಮ್ಮ ಇಳಿದು ಅಣ್ಣನ ಕೊರಳಿನಿಂದ ಲಿಂಗವನ್ನು ತೆಗೆದ. ಅಯ್ಯನವರು ಮಂತ್ರ ಹೇಳುತ್ತಿದ್ದರು. ಅಳುತ್ತಿದ್ದ ಅವನಿಗೆ ಒಂದು ಕ್ಷಣ ತೋಚಲಿಲ್ಲ, ಲಿಂಗ ಹಿಡಿದು ಹಾಗೇ ನಿಂತ.

"ಎಡ ಅಂಗೈಯಾಗ ಇಡಪಾ," ಎಂದರು ಹೆಡ್ ಮಾಸ್ತರರು, ಎಲ್ಲರಿಗೂ ಕೇಳುವಂತೆ. "ಬಲಗೈ ಅಲ್ಲ. ಎಡ ಅಂಗೈಯಾಗ."

ಡ್ರಾಯಿಂಗ್ ಮಾಸ್ತರರ ಹೆಂಡತಿ ಅಳು ನಿಲ್ಲಿಸಿದಳು. ನನ್ನ ಕೈಯನ್ನು ನೋಯುವಂತೆ ಹಿಡಿದು, ಕುಣಿಯ ಕಡೆಯೇ ನೋಡುತ್ತ ಹೇಳಿದಳು.

"ಇವತ್ತ ಹೊಳೀತು ನೋಡ್ರಿ ಅವರಿಗೆ."